ನಜರೇತಿನ ಮೂವತ್ತು ವರ್ಷ

ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯ ಮುಗಿಸಿ ಮೂರನೆಯದಕ್ಕೆ ಕಾಲಿಡುವಾಗ ನಾವು ಒಂದು ದೊಡ್ಡ ಕಂದಕವನ್ನೇ ಹಾರಿರುತ್ತೇವೆ. ಗೊತ್ತೇ ಆಗುವುದಿಲ್ಲ. 12 ವರ್ಷದ ಬಾಲಕ ಜೆರುಸಲೇಮಿನ ದೇವಾಲಯದಲ್ಲಿ ಪಂಡಿತರ ನಡುವೆ ಕೂತು ಪ್ರಶ್ನೆ ಕೇಳುತ್ತಿದ್ದ, ಹುಡುಕಿ ಸುಸ್ತಾದ ತಾಯಿ ಗದರಿದ್ದೂ ಆಯಿತು. ಪುಟ ತಿರುವಿದರೆ ಆತನಿಗೆ ಸುಮಾರು 30 ವರ್ಷ. ನಡುವಿನ ಕಾಲಕ್ಕೆ ಲೂಕ ಕೊಟ್ಟಿರುವುದು ಒಂದೆರಡೇ ವಾಕ್ಯ: ಹುಡುಗ ಹೆತ್ತವರ ಮಾತು ಕೇಳಿಕೊಂಡು ನಜರೇತಿನಲ್ಲಿದ್ದ, ಬೆಳೆದ.

ನೀರಿನ ಮೇಲೆ ನಡೆದ ಕಥೆಗಿಂತ ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಈ ಮೌನ. ನಜರೇತು ಆಗ ಯಾರ ಲೆಕ್ಕಕ್ಕೂ ಸಿಗದ ಊರು. ಹಳೆಯ ಒಡಂಬಡಿಕೆಯಲ್ಲಿ ಅದರ ಹೆಸರೇ ಇಲ್ಲ. ಆತನ ಕಸುಬು ಬಡಗಿತನ ಎನ್ನುತ್ತಾನೆ ಮಾರ್ಕ. ಎರಡನೆಯ ಶತಮಾನದ ಜಸ್ಟಿನ್ ಎಂಬ ಲೇಖಕ ಇನ್ನೂ ಸ್ವಲ್ಪ ಬಿಡಿಸಿ ಹೇಳಿದ್ದಾನೆ: ಯೇಸು ನೇಗಿಲು, ನೊಗಗಳನ್ನು ಮಾಡುತ್ತಿದ್ದನಂತೆ. ಲೋಕವನ್ನೇ ಸೃಷ್ಟಿಸಿದ ವಾಕ್ಯವು ಮನುಷ್ಯನಾಯಿತು ಎಂದು ನಂಬುವವರು ನಾವು. ಆ ಕೈ ಒಂದು ಎತ್ತಿನ ಹೆಗಲಿಗೆ ನೊಗ ಒತ್ತದ ಹಾಗೆ ಮರ ಕೆತ್ತುತ್ತಾ, ಸರಿಬಾರದಿದ್ದರೆ ಮತ್ತೆ ಕೆತ್ತುತ್ತಾ, ಹಣಕ್ಕೆ ನಾಳೆ ಬಾ ಎಂದವನ ಮನೆಗೆ ಅಲೆಯುತ್ತಾ ಇದ್ದಿರಬಹುದಲ್ಲ! ಬೋಧನೆಗೆ ಆತ ಕೊಟ್ಟದ್ದು ಹೆಚ್ಚೆಂದರೆ ಮೂರು ವರ್ಷ. ಮುಂದೊಂದು ದಿನ ದಣಿದವರನ್ನು ಕರೆದು, ನನ್ನ ನೊಗ ಹಗುರ ಎಂಬ ಅರ್ಥದ ಮಾತಾಡಿದಾಗ ಅದು ಕಸುಬು ಗೊತ್ತಿದ್ದವನ ಮಾತೇ ಆಗಿತ್ತು.

ಇಷ್ಟೆಲ್ಲ ಹತ್ತಿರದಲ್ಲಿದ್ದರೂ ನಜರೇತಿನವರಿಗೆ ಏನೂ ಕಾಣಲಿಲ್ಲ. ಆತ ಊರಿಗೆ ಮರಳಿ ಸಭಾಮಂದಿರದಲ್ಲಿ ಮಾತಿಗೆ ನಿಂತರೆ, ಇವನು ಆ ಬಡಗಿಯಲ್ಲವೇ, ಮರಿಯಳ ಮಗನಲ್ಲವೇ ಎಂದು ಮೂಗು ಮುರಿದರು. ಇಲ್ಲೊಂದು ಸೂಕ್ಷ್ಮವಿದೆ. ಶುಭಸಂದೇಶಗಳಲ್ಲಿ ಜನ ಯೇಸುವನ್ನು ಕಂಡು ಬೆರಗಾಗುವುದು ಹೆಜ್ಜೆಹೆಜ್ಜೆಗೂ ಬರುತ್ತದೆ. ಯೇಸುವೇ ಬೆರಗಾದ ಸಂದರ್ಭ ಮಾತ್ರ ಎರಡೇ. ಒಮ್ಮೆ ಕಫೆರ್ನೌಮಿನಲ್ಲಿ, ಪರಜಾತಿಯ ರೋಮನ್ ಸೇನಾಧಿಕಾರಿಯೊಬ್ಬನ ವಿಶ್ವಾಸ ಕಂಡು. ಇನ್ನೊಮ್ಮೆ ತನ್ನೂರಿನಲ್ಲೇ, ತನ್ನವರ ಅವಿಶ್ವಾಸ ಕಂಡು. ಬಾಗಿಲ ಮೇಲೆ ಶಿಲುಬೆ, ಹೆಸರಿನ ಕೊನೆಗೆ ಪೋರ್ಚುಗೀಸರ ಕಾಲದ ಅಡ್ಡಹೆಸರು, ಇಗರ್ಜಿಯ ದಾಖಲೆ ಪುಸ್ತಕದಲ್ಲಿ ದೀಕ್ಷಾಸ್ನಾನದ ತಾರೀಖು ಇರುವ ನನ್ನಂಥವರಿಗೆ ಇದು ಅಷ್ಟೇನೂ ಹಿತವಾದ ಸುದ್ದಿಯಲ್ಲ. ಅತಿಪರಿಚಯದಿಂದ ಕಣ್ಣು ಮಂಜಾಗುವುದು ನಮ್ಮಲ್ಲೇ ಮೊದಲು.

ಆ ಮಂಜು ಸರಿದವರೂ ಇದ್ದಾರೆ. 17ನೆಯ ಶತಮಾನದ ಫ್ರಾನ್ಸಿನಲ್ಲಿ ನಿಕೊಲಾ ಎರ್ಮಾನ್ ಎಂಬ ಬಡ ಹುಡುಗನಿದ್ದ. 18ರ ವಯಸ್ಸಿನಲ್ಲಿ, ಒಂದು ಚಳಿಗಾಲ, ಎಲೆ ಉದುರಿ ಬೋಳಾದ ಮರವೊಂದನ್ನು ನೋಡಿದ. ಸ್ವಲ್ಪ ದಿನದಲ್ಲೇ ಇದು ಚಿಗುರುತ್ತದೆ, ಹೂ ಬಿಡುತ್ತದೆ, ಕಾಯಿ ಹಿಡಿಯುತ್ತದೆ ಎಂದು ಹೊಳೆದದ್ದೇ ತಡ, ದೇವರ ಮೇಲೆ ಹುಟ್ಟಿದ ಪ್ರೀತಿ ಮತ್ತೆ ಆರಲಿಲ್ಲ. ಮುಂದೆ ಸಿಪಾಯಿಯಾದ, ಗಾಯಗೊಂಡ, ಕೊನೆಗೆ ಪ್ಯಾರಿಸ್ಸಿನ ಕಾರ್ಮೆಲ್ ಮಠ ಸೇರಿ ಬ್ರದರ್ ಲಾರೆನ್ಸ್ ಆದ. ಮಠದವರು ಕೊಟ್ಟದ್ದು ಅಡುಗೆಮನೆ ಕೆಲಸ. ಸ್ವಭಾವತಃ ಅದು ಅವನಿಗೆ ಒಗ್ಗದ ಕೆಲಸ. ಆದರೂ ವರ್ಷಗಟ್ಟಲೆ ಮಾಡಿದ, ಆಮೇಲೆ ಮಠದವರ ಪಾದರಕ್ಷೆ ತಯಾರಿಸುತ್ತಾ ಕೂತ. ಬಾಣಲೆಯಲ್ಲಿ ಆಮ್ಲೆಟ್ ಮಗುಚುವುದನ್ನೂ ದೇವರ ಮೇಲಿನ ಪ್ರೀತಿಗಾಗಿಯೇ ಮಾಡುತ್ತೇನೆ ಎನ್ನುತ್ತಿದ್ದ. ಮೊಣಕಾಲೂರಿದಾಗಲೂ ಪಾತ್ರೆಗಳ ಗದ್ದಲದ ನಡುವೆಯೂ ದೇವರು ಅವನಿಗೆ ಅಷ್ಟೇ ಹತ್ತಿರ. 1691ರಲ್ಲಿ ತೀರಿಕೊಂಡ. ಅವನ ಪತ್ರಗಳನ್ನೂ ಮಾತುಗಳನ್ನೂ ಬೇರೆಯವರು ಕೂಡಿಸಿ ಪುಸ್ತಕ ಮಾಡಿದರು; ಅದು ಇಂದಿಗೂ ಅಚ್ಚಾಗುತ್ತಿದೆ. ದಿನಾ ಅಡುಗೆ ಮಾಡುವ ಹೆಂಗಸರು ಇದನ್ನು ಕೇಳಿ, ಇದರಲ್ಲೇನು ಹೊಸದು ಎಂದರೂ ಎನ್ನಬಹುದು. ನಿಜವೇ.

ಶಾರ್ಲ್ ದ ಫುಕೋ ಎಂಬ ಇನ್ನೊಬ್ಬ ಫ್ರೆಂಚ್ ಸಂತನಂತೂ 1897ರಿಂದ 1900ರವರೆಗೆ ನಜರೇತಿಗೇ ಹೋಗಿ ಕನ್ಯಾಮಠವೊಂದರ ಆಳಾಗಿ ದುಡಿದ. ಆ ಬಾಳನ್ನು ಎಲ್ಲಿ ಬೇಕಾದರೂ ಬಾಳಬಹುದು ಎಂದು ಕಂಡುಕೊಂಡು ಆಮೇಲೆ ಸಹಾರಾದ ಕಡೆ ನಡೆದ.

ಹಾಗಾದರೆ ಮಂಗಳೂರಿನ ಕಡೆಯೂ ಬಾಳಬಹುದು. ನಮ್ಮ ಕೊಂಕಣಿ ಮನೆಗಳಲ್ಲಿ ಮುಸ್ಸಂಜೆಗೆ ಇಗರ್ಜಿಯ ಗಂಟೆ ಕೇಳಿದರೆ ಮಾತು ನಿಲ್ಲುತ್ತಿತ್ತು. ರಾತ್ರಿ ಎಲ್ಲರೂ ಕೂತು ತೆರ್ಸ್, ಅಂದರೆ ಜಪಸರ. ನಿದ್ದೆ ತೂಗುವ ಮಕ್ಕಳು, ಒಲೆಯ ಮೇಲಿನ ಸಾರಿನ ಕಡೆ ಒಂದು ಕಿವಿ ಇಟ್ಟ ಅಮ್ಮ, ಸಾಲು ತಪ್ಪಿಸುವ ಅಜ್ಜ. ಮುಗಿದ ಮೇಲೆ ಕಿರಿಯರು ಒಬ್ಬೊಬ್ಬರಾಗಿ ಹಿರಿಯರ ಮುಂದೆ ಕೈಮುಗಿದು 'ಬೆಸಾಂವ್' ಕೇಳುವುದು. ಹಗಲೆಲ್ಲ ಜಗಳವಾಡಿದ ಅಪ್ಪನ ಮುಂದೆಯೂ ನಿಲ್ಲಬೇಕು, ಅಪ್ಪನೂ ದೇವರು ಆಶೀರ್ವದಿಸಲಿ ಎನ್ನಲೇಬೇಕು. ಜಗಳ ಅಲ್ಲಿಗೆ ಮುಗಿಯುತ್ತಿತ್ತು ಎಂದಲ್ಲ. ಮುಂದುವರಿಸುವುದು ಮಾತ್ರ ಕಷ್ಟವಾಗುತ್ತಿತ್ತು. ಈಗ ಟೀವಿ, ಮೊಬೈಲುಗಳ ನಡುವೆ ತೆರ್ಸ್ ಅನೇಕ ಮನೆಗಳಲ್ಲಿ ತೆಳುವಾಗಿದೆ. ಯಾವ ಉಪದೇಶವೂ ಅದರ ಜಾಗ ತುಂಬಲಾರದು ಎಂಬುದು ನನ್ನ ಅನಿಸಿಕೆ.

ಮೊಂತಿ ಹಬ್ಬ ಇನ್ನೂ ಗಟ್ಟಿಯಾಗಿದೆ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಮ್ಮನ ಮೂರ್ತಿಗೆ ಅರ್ಪಿಸುತ್ತಾರೆ. ಸೆಪ್ಟೆಂಬರ್ 8, ಅವಳು ಹುಟ್ಟಿದ ದಿನ. ಹೊಸ ಭತ್ತದ ತೆನೆಗಳನ್ನು ಪಾದ್ರಿಗಳು ಮಂತ್ರಿಸಿ ಮನೆಗೊಂದಿಷ್ಟು ಹಂಚುತ್ತಾರೆ. ಆ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಕುಡಿಯುವುದು. ಮುಂಬಯಿಗೋ ಕೊಲ್ಲಿ ದೇಶಕ್ಕೋ ಹೋದ ಮಕ್ಕಳಿಗೆ ನಾಲ್ಕು ಕಾಳು ಲಕೋಟೆಯಲ್ಲಿ ಹೋಗುತ್ತಿತ್ತು. ಗದ್ದೆ ಮಾರಿ ಫ್ಲಾಟಿಗೆ ಬಂದವರೂ ಅಂದು ತೆನೆ ಹಿಡಿದು ಬರುತ್ತಾರೆ. ನೇಗಿಲು, ನೊಗ ಮಾಡಿದವನ ತಾಯಿಯ ಹುಟ್ಟುಹಬ್ಬಕ್ಕೆ ಇದಕ್ಕಿಂತ ತಕ್ಕ ಕಾಣಿಕೆ ನನಗಂತೂ ಹೊಳೆಯುವುದಿಲ್ಲ.

ಅಂದು ಮೀನಿಲ್ಲ, ಮಾಂಸವಿಲ್ಲ. ಬಾಳೆಲೆಯ ಮೇಲೆ ಕೆಸುವಿನ ದಂಟು, ಬೆಂಡೆ, ಹೀರೆ, ಪಾಯಸ. ಸೆಪ್ಟೆಂಬರ್ 8ಕ್ಕೆ ನೀವು ನಮ್ಮ ಕಡೆ ಇದ್ದರೆ ಗುರುತಿನ ಯಾವುದಾದರೂ ಕ್ರೈಸ್ತರ ಮನೆಗೆ ಮಧ್ಯಾಹ್ನದ ಹೊತ್ತಿಗೆ ಬನ್ನಿ. ಉಣ್ಣದೆ ಹೊರಡಲು ಬಿಡುವವರಲ್ಲ.