ಅದೇಯೋ, ಅದರಂಥದೋ

ಎಲೆಕ್ಟ್ರಿಕ್ ಬೇಸ್ ಗಿಟಾರ್ ನುಡಿಸುವವರ ಲೋಕದಲ್ಲಿ ಒಂದು ವಿಚಿತ್ರ ಕಾತರವಿದೆ. ಅಮೆರಿಕದ ಫೆಂಡರ್ ಕಂಪನಿ ತನ್ನ 1957ರ ಅಥವಾ 1962ರ ಮಾದರಿಯನ್ನು ಹಳೆಯ ರೂಪದಲ್ಲೇ ಮತ್ತೆ ತರಲಿದೆ ಎಂಬ ಸುದ್ದಿ ಬಂದರೆ ಸಾಕು, ಅದು ಅಂಗಡಿ ಸೇರುವ ಎಷ್ಟೋ ಮೊದಲೇ ಅದರ ಬಣ್ಣ, ತಂತಿ, ಹಿಡಿಯ ದಪ್ಪ ಎಲ್ಲದರ ಮೇಲೂ ವಾದ ಶುರುವಾಗುತ್ತದೆ. ದಾರಿ ಕಾಯುವುದು ನಾಳೆ ಬರುವ ವಸ್ತುವಿಗೆ. ಬೇಕಾಗಿರುವುದು ಮಾತ್ರ ಅರವತ್ತು ವರ್ಷ ಹಿಂದಿನದು. ಇದನ್ನು ದುಡ್ಡಿದ್ದವರ ಶೋಕಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಒಂದು ವಸ್ತುವನ್ನು ಕಂಡು ‘ಇದು ಅದೇ’ ಎಂದು ಯಾವಾಗ ಹೇಳಬಹುದು, ಯಾವಾಗ ಹೇಳಬಾರದು ಎಂಬ ಪ್ರಶ್ನೆ ಈ ಶೋಕಿಯ ಒಳಗೆ ಕೂತಿದೆ. ನಮ್ಮ ದರ್ಶನಗಳು ಇದರ ಮೇಲೆ ಶತಮಾನಗಟ್ಟಲೆ ಜಗಳವಾಡಿವೆ. ಅದನ್ನು ಎಲ್ಲರಿಗಿಂತ ಚೊಕ್ಕಟವಾಗಿ ಬಿಡಿಸಿಟ್ಟವರು ಜೈನ ತಾರ್ಕಿಕರು ಎಂಬುದು ನನ್ನ ಎಣಿಕೆ. ಕೃಷ್ಣೆಯ ದಂಡೆಯ ಉಗಾರ ಖುರ್ದ, ಪಕ್ಕದ ಶೇಡಬಾಳ, ಕಾಗವಾಡಗಳಲ್ಲಿ ಆ ಧರ್ಮ ಇಂದಿಗೂ ಮನೆಮನೆಯದು. ಅದೇ ರೈಲು ಹಾದಿಯಲ್ಲಿ ಉಗಾರದಿಂದ ಒಂದಿಷ್ಟು ಮುಂದೆ ಹೋದರೆ ಸಿತಾರು ತಂಬೂರಿಗಳ ಊರಾದ ಮಿರಜ್. ಗಿಟಾರಿನ ಪ್ರಶ್ನೆಯನ್ನು ಇಲ್ಲಿಟ್ಟು ನೋಡುವುದಕ್ಕೆ ಇದೇ ಕಾರಣ.

ಮಾಣಿಕ್ಯನಂದಿಯ ‘ಪರೀಕ್ಷಾಮುಖ’ ಜೈನ ತರ್ಕದ ಸೂತ್ರಗ್ರಂಥ. ಕಣ್ಣೆದುರಿನ ನೋಟವೂ ಹಿಂದಿನ ನೆನಪೂ ಕೂಡಿದಾಗ ಹುಟ್ಟುವ ಅರಿವನ್ನು ಅದು ಪ್ರತ್ಯಭಿಜ್ಞಾನ ಎಂದು ಕರೆಯುತ್ತದೆ, ಪ್ರಮಾಣಗಳ ಸಾಲಿನಲ್ಲಿ ಕೂರಿಸುತ್ತದೆ. ಆದರೆ ಈ ಅರಿವಿನಲ್ಲಿ ಬಗೆಗಳಿವೆ. ‘ಇದು ಅದೇ’ ಎಂಬುದು ಏಕತ್ವದ್ದು, ‘ಇದು ಅದರಂಥದು’ ಎಂಬುದು ಸಾದೃಶ್ಯದ್ದು. ಒಂದೇ ಮಣ್ಣು ಮುದ್ದೆಯಾಗಿ, ಗಡಿಗೆಯಾಗಿ, ಬೋಕಿಯಾಗಿ ಕಾಲದುದ್ದಕ್ಕೂ ಸಾಗಿಬರುವುದು ಒಂದು ಬಗೆಯ ಸಮಾನತೆ. ಒಂದೇ ಹೊತ್ತಿಗೆ ನಿಂತ ಹತ್ತು ಹಸುಗಳೂ ಹಸುಗಳೇ ಎನ್ನುವುದು ಇನ್ನೊಂದು ಬಗೆಯದು. ಮೊದಲನೆಯದಕ್ಕೆ ಊರ್ಧ್ವತಾ ಸಾಮಾನ್ಯ, ಎರಡನೆಯದಕ್ಕೆ ತಿರ್ಯಕ್ ಸಾಮಾನ್ಯ ಎಂದು ಹೆಸರು. ಉಗಾರದ ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸುವ ರೈತನಿಗೆ ಈ ಭೇದವನ್ನು ಯಾರೂ ಹೇಳಿಕೊಡಬೇಕಿಲ್ಲ: ಕಡಿದ ಬುಡದಿಂದಲೇ ಚಿಗುರಿದ ಕುಳೆ ಬೇರೆ, ಅದೇ ತಳಿಯ ಬೀಜ ತಂದು ಪಕ್ಕದ ಹೊಲದಲ್ಲಿ ಹಚ್ಚಿದ್ದು ಬೇರೆ. ಮಾಣಿಕ್ಯನಂದಿಯ ಹೆಚ್ಚುಗಾರಿಕೆ ಇರುವುದು ಮುಂದಿನ ಮಾತಿನಲ್ಲಿ. ತಪ್ಪು ಎರಡೂ ಕಡೆಯಿಂದ ಆಗಬಹುದು ಎನ್ನುತ್ತಾನೆ. ಬರೀ ಹೋಲುವುದನ್ನು ಕಂಡು ‘ಅದೇ’ ಎನ್ನುವುದು ಎಷ್ಟು ತಪ್ಪೋ, ಅದೇ ವಸ್ತುವನ್ನು ಕಂಡು ‘ಅದರಂಥದು’ ಎನ್ನುವುದೂ ಅಷ್ಟೇ ತಪ್ಪು. ಅವಳಿ ಮಕ್ಕಳನ್ನು ಕಂಡಾಗ ಆಗುವ ಗೊಂದಲವನ್ನು ಅವನು ಉದಾಹರಿಸುತ್ತಾನೆ. ಹಳೆಯ ವಾದ್ಯಗಳ ಮೋಹದಲ್ಲಿ ಈ ಎರಡೂ ತಪ್ಪುಗಳು ಜೊತೆಜೊತೆಯಾಗಿ ನಡೆಯುತ್ತವೆ.

ಮೊದಲ ತಪ್ಪು ಅಮೆರಿಕದ್ದು. ಲಿಯೊ ಫೆಂಡರ್ ತಮ್ಮ ಪ್ರಿಸಿಷನ್ ಬೇಸ್ ಹೊರತಂದದ್ದು 1951ರಲ್ಲಿ. 1957ರಲ್ಲಿ ತಂತಿಯ ಕಂಪನವನ್ನು ಹಿಡಿಯುವ ಅದರ ಪಿಕಪ್ ಎರಡು ತುಂಡಾಗಿ ಈಗ ಎಲ್ಲರೂ ಗುರುತಿಸುವ ರೂಪಕ್ಕೆ ಬಂತು. 1965ರಲ್ಲಿ ಕಂಪನಿಯನ್ನು ಸಿಬಿಎಸ್ ಸಂಸ್ಥೆ 1 ಕೋಟಿ 30 ಲಕ್ಷ ಡಾಲರಿಗೆ ಕೊಂಡಿತು. ಆಮೇಲಿನ ವರ್ಷಗಳಲ್ಲಿ ಕೆಲಸದ ಅಚ್ಚುಕಟ್ಟು ಕೆಟ್ಟಿತೆಂದು ವಾದಕರು ದೂರತೊಡಗಿದರು, ಹಳೆಯ ವಾದ್ಯಗಳನ್ನು ಹುಡುಕಿಕೊಂಡು ಹೊರಟರು. ಕೊನೆಗೆ 1982ರಲ್ಲಿ ಕಂಪನಿ ತನ್ನದೇ 1957ರ ಮತ್ತು 1962ರ ಮಾದರಿಗಳನ್ನು ಮರುತಯಾರಿಸಿತು. ಇಲ್ಲಿ ಗಮನಿಸಬೇಕಾದದ್ದು, ನಡುವೆ ಎಳೆ ಕಡಿಯದೇ ಹೋಗಿದ್ದರೆ ಮರುತಯಾರಿಯ ಮಾತೇ ಹುಟ್ಟುತ್ತಿರಲಿಲ್ಲ ಎಂಬುದನ್ನು. ಹಳೆಯದನ್ನು ಅಳೆದು, ನೋಡಿ, ಹೋಲುವಂತೆ ಮಾಡಿದ್ದು ಸಾದೃಶ್ಯವೇ ಹೊರತು ಏಕತ್ವವಲ್ಲ. ಅಷ್ಟರಲ್ಲಿ ದೋಷವೇನೂ ಇಲ್ಲ. ಆ ವಾದ್ಯಗಳ ಕ್ರಮಸಂಖ್ಯೆಯೇ ‘ವಿ’ ಅಕ್ಷರದಿಂದ ಶುರುವಾಗಿ ತಾನು ಹೊಸದೆಂದು ಸಾರುತ್ತದೆ. ದೋಷ ಬಂದದ್ದು 1990ರ ದಶಕದಲ್ಲಿ, ಕಾರ್ಖಾನೆಯಲ್ಲೇ ಬಣ್ಣ ಉಜ್ಜಿ, ಗೀರು ಹಾಕಿ, ಲೋಹಕ್ಕೆ ತುಕ್ಕು ಹಿಡಿಸಿ ಮಾರಲು ತೊಡಗಿದಾಗ. ಯಾರದೋ ಮೊಣಕೈ ಮೂವತ್ತು ವರ್ಷ ಸವೆಸಿದ ಗುರುತನ್ನು ಸವೆಸದೆಯೇ ಕೊಡುವುದೆಂದರೆ ‘ಅದರಂಥದು’ ಎಂಬುದಕ್ಕೆ ‘ಅದೇ’ ಎಂಬ ವೇಷ ತೊಡಿಸಿದಂತೆ. ಕೊಳ್ಳುವವನಿಗೆ ಎಲ್ಲ ಗೊತ್ತಿರುತ್ತದೆ, ಮೋಸವೆಲ್ಲಿ ಬಂತು ಎನ್ನಬಹುದು. ಮಾರುವವನು ಮೋಸ ಮಾಡಿಲ್ಲ, ನಿಜ. ಆದರೆ ತನ್ನ ಕಣ್ಣನ್ನೇ ನಂಬಿಸಿಕೊಳ್ಳಲು ಹೆಚ್ಚು ಹಣ ತೆರುವವನನ್ನು ಏನೆನ್ನಬೇಕು? ಮಾಯೆಯನ್ನು, ಅಂದರೆ ಕಪಟವನ್ನು, ವ್ರತಿಯ ಮೈಯೊಳಗಿನ ಮುಳ್ಳು ಎಂದು ಜೈನರ ‘ತತ್ವಾರ್ಥಸೂತ್ರ’ದ ಪರಂಪರೆ ಎಣಿಸುತ್ತದೆ, ಆ ಮುಳ್ಳು ಚುಚ್ಚುವುದು ಅದನ್ನು ಇಟ್ಟುಕೊಂಡವನನ್ನೇ.

ಎರಡನೆಯ ತಪ್ಪನ್ನು ನೋಡಲು ಮಿರಜಿಗೆ ಬರಬೇಕು. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ತಂತಿವಾದ್ಯಗಳ ಕಸುಬಿಗೆ ಹೊರಳಿದವು. ಭೀಮೆಯ ದಂಡೆಯ ಪಂಢರಪುರದ ಸೀಮೆಯಿಂದ ಬರುವ ಸೋರೆಬುರುಡೆಗೆ ಮರದ ದಂಡಿ ಕೂಡಿಸಿ ತಂಬೂರಿ ಕಟ್ಟುತ್ತಾರೆ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ನೆಲೆನಿಂತ ಊರು ಅದು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಇರುವುದು ಅಲ್ಲಿಯ ಖ್ವಾಜಾ ಶಮ್ನಾ ಮೀರಾ ದರ್ಗಾದ ಆವರಣದಲ್ಲಿ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವ, ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ ಎಂದು ಆ ಎಳೆ ಕನ್ನಡ ನಾಡಿನೊಳಕ್ಕೆ ಬಂದಿದೆ. ಮಿರಜಿನ ಸಿತಾರು, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು. ತಂಬೂರಿಯ ಜೀವವೆಲ್ಲ ಅದರ ಜವಾರಿಯಲ್ಲಿದೆ. ತಂತಿಗಳನ್ನು ಹೊರುವ ಕುದುರೆಯ ಮೇಲ್ಮೈಯನ್ನು ಹದವಾಗಿ ಉಜ್ಜಿ ಇಳಿಜಾರು ಮಾಡಿ, ತಂತಿಯ ಕೆಳಗೆ ನೂಲೆಳೆ ಸರಿಸಿ ಕೂರಿಸಿದಾಗ ಮಾತ್ರ ಆ ಝೇಂಕಾರ ಏಳುತ್ತದೆ. ನುಡಿಸುತ್ತ ನುಡಿಸುತ್ತ ತಂತಿ ಕುದುರೆಯಲ್ಲಿ ಗೀರು ಕೊರೆಯುತ್ತದೆ, ಜವಾರಿ ಹೋಗುತ್ತದೆ, ಮತ್ತೆ ಉಜ್ಜಿಸಬೇಕಾಗುತ್ತದೆ. ಬುರುಡೆ ಒಡೆದರೆ ತೇಪೆ ಹಚ್ಚುತ್ತಾರೆ, ಆಗದಿದ್ದರೆ ಬದಲಿಸುತ್ತಾರೆ. ಅಂದರೆ ಹಳೆಯ ತಂಬೂರಿ ಹಳೆಯ ದನಿಯಲ್ಲಿ ಉಳಿಯಬೇಕಾದರೆ ಹೊಸ ಕೆಲಸ ಬೀಳುತ್ತಲೇ ಇರಬೇಕು. ಇಷ್ಟಾದ ಮೇಲೆ ‘ಇದು ಮೂಲದ್ದಲ್ಲ’ ಎನ್ನುವ ಸಂಗ್ರಾಹಕ, ಅದೇ ವಸ್ತುವನ್ನು ಬರೀ ಅದರಂಥದು ಎನ್ನುವ ತಪ್ಪನ್ನು ಮಾಡುತ್ತಾನೆ. ಮೂವತ್ತು ವರ್ಷ ಪೆಟ್ಟಿಗೆಯಲ್ಲೇ ಇದ್ದು ಒಂದು ತಿರುಪೂ ಬದಲಾಗದ ಗಿಟಾರಿಗೆ ಅವನ ಪೇಟೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆ. ಯಾರೂ ನುಡಿಸದ ವಾದ್ಯಕ್ಕೆ! ಇದಕ್ಕೆ ಹೋಲಿಸಿದರೆ ಬೆಂಗಳೂರಿನಲ್ಲಿ ತಯಾರಾಗುವ ಎಲೆಕ್ಟ್ರಾನಿಕ್ ತಂಬೂರಿಯ ಡಬ್ಬಿಯೇ ಪ್ರಾಮಾಣಿಕ. ಅದು ಶ್ರುತಿ ಕೊಡುತ್ತದೆ, ತಾನು ಮಿರಜಿನದೆಂದು ಎಂದೂ ಹೇಳಿಕೊಳ್ಳುವುದಿಲ್ಲ.

ಶಾಸ್ತ್ರ ಓದಿದ ಜೈನರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ, ಎತ್ತಬೇಕು ಕೂಡ. ತಂಬೂರಿಯಾಗಲಿ ಗಿಟಾರಾಗಲಿ ಒಂದು ದ್ರವ್ಯವೇ ಅಲ್ಲ, ಪುದ್ಗಲದ, ಅಂದರೆ ಜಡವಸ್ತುವಿನ, ಅಣುಗಳು ಕೂಡಿ ಆದ ಸ್ಕಂಧ. ಅದಕ್ಕೆ ಏಕತ್ವ ಎಲ್ಲಿಂದ ಬರಬೇಕು? ನಿಶ್ಚಯದ, ಅಂದರೆ ಪರಮಾರ್ಥದ, ದೃಷ್ಟಿಯಿಂದ ಇದು ಒಪ್ಪತಕ್ಕ ಮಾತು. ಆದರೆ ಗಡಿಗೆಯೂ ಚಿನ್ನದ ಕಿರೀಟವೂ ಸ್ಕಂಧಗಳೇ, ಆಚಾರ್ಯರು ಅವನ್ನೇ ಉದಾಹರಣೆಯಾಗಿ ಎತ್ತಿಕೊಂಡರು. ವ್ಯವಹಾರದಲ್ಲಿ ‘ಅದೇ’ ಎನ್ನಲು ನಮಗೆ ಆಧಾರ ಬೇಕು, ಮತ್ತು ಕಡಿಯದೆ ಸಾಗಿಬಂದ ಬಳಕೆ ಆ ಆಧಾರ ಎಂಬುದಷ್ಟೇ ನನ್ನ ವಾದ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬಸದಿಯಿಂದ ಬರುತ್ತದೆ. ಹೊಸದಾಗಿ ಕೆತ್ತಿಸಿ ಪಂಚಕಲ್ಯಾಣ ಮಾಡಿ ಸ್ಥಾಪಿಸಿದ ಬಿಂಬವನ್ನು ಭಕ್ತರು ತೀರ್ಥಂಕರ ಪಾರ್ಶ್ವನಾಥನೆಂದೇ ಪೂಜಿಸುತ್ತಾರಲ್ಲ, ಹೋಲುವುದನ್ನು ಅದೇ ಎಂದಂತಾಗಲಿಲ್ಲವೇ? ಇಲ್ಲ. ಒಂದು ಹೆಸರನ್ನು ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳಲ್ಲಿ, ಅಂದರೆ ಅರ್ಥದ ನೆಲೆಗಳಲ್ಲಿ, ಬಳಸಬಹುದೆಂದು ‘ತತ್ವಾರ್ಥಸೂತ್ರ’ದ ಉಮಾಸ್ವಾತಿ ಮೊದಲೇ ಬೇರ್ಪಡಿಸಿದ್ದಾನೆ. ಬಿಂಬ ಪಾರ್ಶ್ವನಾಥನಾಗುವುದು ಪ್ರತೀಕವಾಗಿ ನಿಲ್ಲುವ ಸ್ಥಾಪನೆಯಲ್ಲಿ, ನಿಜಸ್ಥಿತಿಯಾದ ಭಾವದಲ್ಲಲ್ಲ. ಎಷ್ಟೋ ಬಿಂಬಗಳ ಪೀಠದ ಮೇಲೆ ಯಾವ ಸಂವತ್ಸರದಲ್ಲಿ, ಯಾರು ಮಾಡಿಸಿದರು ಎಂದು ಬರೆದೇ ಇರುತ್ತದೆ. ಹೊಸ ಬಿಂಬ ಪ್ರಾಚೀನವಾಗಿ ಕಾಣಲೆಂದು ಮೂಗಿನ ತುದಿ ಮುಕ್ಕು ಮಾಡಿ ಯಾರೂ ಪ್ರತಿಷ್ಠೆಗೆ ಕೂರಿಸುವುದಿಲ್ಲ. ಭಗ್ನ ಬಿಂಬ ಪ್ರತಿಷ್ಠೆಗೇ ಸಲ್ಲದು. ತನ್ನ ತಾರೀಖನ್ನು ತಾನೇ ಹೇಳುವ ಸ್ಥಾಪನೆಯಲ್ಲಿ ಸುಳ್ಳಿಗೆ ಜಾಗವಿಲ್ಲ.

ಹಾಗಾದರೆ ಕಾಯುವವನು ಕಾಯುತ್ತಿರುವುದು ಯಾವುದಕ್ಕೆ? ಜೈನ ಆಚಾರ್ಯ ಸಮಂತಭದ್ರನ ‘ಆಪ್ತಮೀಮಾಂಸೆ’ಯಲ್ಲಿ ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡುವ ದೃಷ್ಟಾಂತವಿದೆ. ಕೊಡ ಬೇಕಾದವನಿಗೆ ದುಃಖ, ಕಿರೀಟ ಬೇಕಾದವನಿಗೆ ಸಂತೋಷ, ಚಿನ್ನ ಬೇಕಾದವನಿಗೆ ಎರಡೂ ಇಲ್ಲ. ಹುಟ್ಟು, ಅಳಿವು, ನಿಲುವು ಮೂರೂ ಒಂದೇ ವಸ್ತುವಿನಲ್ಲಿ ನಿಜವೆಂಬುದಕ್ಕೆ ಆ ಮೂವರ ಮನಸ್ಸೇ ಸಾಕ್ಷಿ. ಬೇಸ್ ಗಿಟಾರಿನ ದಾರಿ ಕಾಯುವವನು ಕರಗಿಹೋದ ಕೊಡವನ್ನು ಬಯಸಿ ಕಿರೀಟದ ಅಂಗಡಿಯ ಮುಂದೆ ನಿಂತಿದ್ದಾನೆ. ಅವನಿಗೆ ಬೇಕಾದದ್ದು ಬಹುಶಃ ಅಮೆರಿಕದ ಮೋಟೌನ್ ಕಂಪನಿಯ ಧ್ವನಿಮುದ್ರಿಕೆಗಳಲ್ಲಿ ಕೇಳುವ ಬೇಸ್ ವಾದಕ ಜೇಮ್ಸ್ ಜೇಮರ್ಸನ್ನರ ದನಿ. ಜೇಮರ್ಸನ್ 1962ರ ಪ್ರಿಸಿಷನ್ ಬೇಸ್ ನುಡಿಸಿದ್ದು ಅದು ಆ ಕಾಲದ ಸಾಮಾನ್ಯ ಅಂಗಡಿ ಮಾಲಾಗಿದ್ದಾಗ, ಹೆಚ್ಚಾಗಿ ತೋರುಬೆರಳು ಒಂದರಿಂದಲೇ, ತಂತಿ ಬದಲಿಸುವ ಗೋಜಿಗೂ ಹೋಗದೆ. 1983ರಲ್ಲಿ ಅವರು ತೀರಿಕೊಳ್ಳುವ ಕೆಲವೇ ದಿನ ಮೊದಲು ಆ ವಾದ್ಯ ಕಳುವಾಯಿತು. ಮರ, ತಾಮ್ರದ ಸುರುಳಿ, ಬಣ್ಣ ಎಲ್ಲವನ್ನೂ ಅಳತೆಗೆ ತಕ್ಕಂತೆ ಮಾಡಿದರೆ ದನಿ ಹತ್ತಿರ ಬರುತ್ತದೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಗುಣ ಮತ್ತೆ ಬರಬಹುದು, ಕಳೆದುಹೋದ ಪರ್ಯಾಯ, ಅಂದರೆ ವಸ್ತುವಿನ ಆ ಹೊತ್ತಿನ ಸ್ಥಿತಿ, ಬರುವುದಿಲ್ಲ. ಆದ್ದರಿಂದ ಮರುತಯಾರಿಯ ವಾದ್ಯ ಬೇಕಿದ್ದವರು ಅದನ್ನು ಇಂದಿನ ವಾದ್ಯವೆಂದೇ ಕೊಳ್ಳಲಿ, ಅದು ಒಳ್ಳೆಯ ವಾದ್ಯವೂ ಆಗಿರಬಹುದು. ಬೇಕೆಂದೇ ಹಾಕಿದ ಗೀರುಗಳಿಗೆ ಹೆಚ್ಚಿನ ಹಣ ಮಾತ್ರ ಕೊಡಬೇಡಿ. ಮನೆಯಲ್ಲಿ ಅಜ್ಜನ ಕಾಲದ ತಂಬೂರಿ ಮೂಲೆ ಹಿಡಿದಿದ್ದರೆ ಆ ಹಣದಲ್ಲಿ ಅದನ್ನು ಮಿರಜಿಗೆ ಒಯ್ದು ಜವಾರಿ ಮಾಡಿಸಿಕೊಂಡು ಬನ್ನಿ.