ಕ್ರಿಸ್‌ಮಸ್ ಚಿತ್ರಗಳ ವಿಚ್ಛೇದಿತ ತಂದೆತಾಯಿ

1947ರಲ್ಲಿ ತೆರೆಕಂಡ ‘ಮಿರಾಕಲ್ ಆನ್ 34ತ್ ಸ್ಟ್ರೀಟ್’ ಅಮೆರಿಕದಲ್ಲಿ ಇಂದಿಗೂ ಮನೆಮಂದಿಯೆಲ್ಲ ಕೂತು ನೋಡುವ ಕ್ರಿಸ್‌ಮಸ್ ಚಿತ್ರ. ಆಗ ಮಾತ್ರ ಅಲ್ಲಿನ ಕ್ಯಾಥೊಲಿಕ್ ಸಂಸ್ಥೆ ಲೀಜನ್ ಆಫ್ ಡೀಸೆನ್ಸಿ ಅದಕ್ಕೆ ‘ಬಿ’ ದರ್ಜೆ ಕೊಟ್ಟಿತ್ತು. ಎಂದರೆ, ಭಾಗಶಃ ನೀತಿಗೆ ಒಪ್ಪದ ಚಿತ್ರ. ಮುಖ್ಯ ಕಾರಣ, ಮೌರೀನ್ ಒಹಾರಾ ಅಭಿನಯಿಸಿದ ಡೋರಿಸ್ ವಾಕರ್ ವಿಚ್ಛೇದಿತೆ. ಮ್ಯಾಸೀಸ್ ಮಳಿಗೆಯಲ್ಲಿ ದುಡಿದು ಮಗಳನ್ನು ಒಬ್ಬಳೇ ಸಾಕುವ ಈ ತಾಯಿಯ ಮೇಲೆ ಚಿತ್ರ ಹೊರಿಸುವ ಆರೋಪ ಬೇರೆಯೇ: ಸಾಂಟಾ, ಕಿನ್ನರರು ಎಲ್ಲ ಸುಳ್ಳು ಎಂದು ಮಗುವಿಗೆ ಹೇಳಿಕೊಟ್ಟದ್ದು. ಮಗುವಿನ ತಂದೆ ಕಥೆಯಲ್ಲಿ ಬರುವುದೇ ಇಲ್ಲ. ಕಣ್ಣಿಗೆ ಬೀಳದವನ ತಪ್ಪು ಎಣಿಕೆಗೂ ಸಿಗುವುದಿಲ್ಲ.

ಆ ಕಾಲದಲ್ಲಿ ಅಮೆರಿಕದ ನ್ಯಾಯಾಲಯಗಳು ಸಾಮಾನ್ಯವಾಗಿ ಗಂಡ ಹೆಂಡಿರಲ್ಲಿ ಒಬ್ಬರ ತಪ್ಪು ಸಾಬೀತಾಗದೆ ವಿಚ್ಛೇದನ ಕೊಡುತ್ತಿರಲಿಲ್ಲ. ಕ್ಯಾಲಿಫೋರ್ನಿಯಾ 1969ರಲ್ಲಿ ಆ ನಿಯಮವನ್ನು ಕೈಬಿಟ್ಟಿತು. ಉಳಿದ ರಾಜ್ಯಗಳೂ ಹಿಂದೆ ಮುಂದೆ ಅದೇ ದಾರಿ ಹಿಡಿದವು. ನ್ಯೂಯಾರ್ಕ್ 2010ರ ತನಕ ಕಾಯಿತು. ತಪ್ಪು ಯಾರದು ಎಂಬ ಪ್ರಶ್ನೆ ಕೋರ್ಟಿನಿಂದ ಹೊರಬಿದ್ದರೂ ಸಿನಿಮಾ ಮಂದಿರದಲ್ಲಿ ಉಳಿದುಕೊಂಡಿತು.

ಜಾನ್ ಪಾಸ್ಕ್ವಿನ್ ನಿರ್ದೇಶಿಸಿದ ‘ದಿ ಸಾಂಟಾ ಕ್ಲಾಸ್’ (1994) ಇದಕ್ಕೆ ಒಳ್ಳೆಯ ನಿದರ್ಶನ. ಟಿಮ್ ಆಲನ್ ವಹಿಸಿದ ಸ್ಕಾಟ್ ಕ್ಯಾಲ್ವಿನ್ ವಿಚ್ಛೇದಿತ, ಆಟಿಕೆ ಕಂಪನಿಯ ಅಧಿಕಾರಿ. ಕ್ರಿಸ್‌ಮಸ್ ಹಿಂದಿನ ಸಂಜೆ ಮಗ ಚಾರ್ಲಿ ಅವನ ಬಳಿ ಇರಬೇಕು. ಸ್ಕಾಟ್ ಮನೆಗೆ ಬರುವುದೇ ತಡ. ಬಂದವನು ಟರ್ಕಿ ಕೋಳಿಯನ್ನು ಕರಕಲು ಮಾಡಿ, ಮಗನನ್ನು ಹೋಟೆಲಿಗೆ ಕರೆದೊಯ್ಯುತ್ತಾನೆ. ಅಲ್ಲಿಯೂ ಅಡುಗೆ ಕೆಡಿಸಿಕೊಂಡು ಬಂದ ತಂದೆಯರೇ ಮಕ್ಕಳೊಡನೆ ಕೂತಿದ್ದಾರೆ. ತಂದೆಯ ಕೊರತೆಯನ್ನು ಚಿತ್ರ ನಗುನಗುತ್ತ ಸಹಿಸುವುದು ಹೀಗೆ. ಅದೇ ರಾತ್ರಿ ಛಾವಣಿಯಿಂದ ಬಿದ್ದ ಸಾಂಟಾನ ಉಡುಪು ತೊಟ್ಟ ಸ್ಕಾಟ್, ಕರಾರಿನ ಷರತ್ತಿಗೆ ಸಿಕ್ಕಿ ತಾನೇ ಸಾಂಟಾ ಆಗಬೇಕಾಗುತ್ತದೆ. (ಶೀರ್ಷಿಕೆಯ ಶ್ಲೇಷೆಯೇ ಅದು: ಇಂಗ್ಲಿಷಿನಲ್ಲಿ ಸಾಂಟಾನ ಹೆಸರೂ ಷರತ್ತೂ ಕಿವಿಗೆ ಒಂದೇ. ಮದುವೆಯ ಕರಾರು ಮುರಿದವನನ್ನು ಓದದೇ ಒಪ್ಪಿದ ಕರಾರೊಂದು ಕಟ್ಟಿಹಾಕುತ್ತದೆ.)

ತಾಯಿ ಲಾರಾ ಮತ್ತು ಅವಳ ಎರಡನೆಯ ಗಂಡ, ಮನೋವೈದ್ಯ ನೀಲ್, ಇಷ್ಟು ಹಗುರಾಗಿ ಪಾರಾಗುವುದಿಲ್ಲ. ತನ್ನ ತಂದೆಯೇ ಸಾಂಟಾ ಎಂದು ಮಗು ಹಟ ಹಿಡಿದಿದೆ. ಮಾಜಿ ಗಂಡ ದಿಢೀರನೆ ದಪ್ಪಗಾಗಿ ಬಿಳಿ ಗಡ್ಡ ಬಿಟ್ಟಿದ್ದಾನೆ. ಮಗುವಿನ ಹಿತ ಬಯಸುವ ಯಾವ ತಾಯಿಯೂ ಗಾಬರಿಯಾಗುವ ಸಂದರ್ಭ. ಲಾರಾ ನ್ಯಾಯಾಧೀಶರ ಬಳಿ ಹೋಗುತ್ತಾಳೆ, ತಂದೆ ಮಗನ ಭೇಟಿ ನಿಲ್ಲುತ್ತದೆ, ಪ್ರೇಕ್ಷಕರಿಗೆ ಅವಳ ಮೇಲೆ ಸಿಟ್ಟು ಬರುತ್ತದೆ. ಸಿಟ್ಟಿಗೆ ಆಧಾರ ಒಂದೇ: ಉತ್ತರ ಧ್ರುವದಲ್ಲಿನ ಸಾಂಟಾನ ಕಾರ್ಯಾಗಾರವನ್ನು ಪ್ರೇಕ್ಷಕರು ಕಣ್ಣಾರೆ ಕಂಡಿದ್ದಾರೆ, ಅವಳು ಕಂಡಿಲ್ಲ.

ಪ್ರೇಕ್ಷಕರು ಕೊಡುವ ಈ ಬಗೆಯ ತೀರ್ಪನ್ನು ಕ್ರೈಸ್ತ ನೀತಿಶಾಸ್ತ್ರ ಬಹಳ ಹಿಂದೆಯೇ ಪರಿಶೀಲಿಸಿದೆ. 13ನೆಯ ಶತಮಾನದ ಥಾಮಸ್ ಅಕ್ವಿನಾಸ್ ‘ಸುಮ್ಮಾ ಥಿಯೊಲಾಜಿಕಾ’ದಲ್ಲಿ ತೀರ್ಪಿಗೆ ಮೂರು ಅಗತ್ಯಗಳನ್ನು ಹೇಳುತ್ತಾನೆ: ನ್ಯಾಯದ ಒಲವು, ತೀರ್ಪು ಕೊಡುವ ಅಧಿಕಾರ, ವಿವೇಕದ ವಿಚಾರ. ಖಚಿತವಲ್ಲದ ಸಂಗತಿಯಲ್ಲಿ ಎದುರಿನವರ ನಡತೆಗೆ ಒಳ್ಳೆಯ ಅರ್ಥವನ್ನೇ ಹಚ್ಚಬೇಕೆಂಬುದು ಅವನ ನಿಲುವು. ತಿಳಿಯಲು ದಾರಿಯೇ ಇಲ್ಲದ ಅಜ್ಞಾನ ಪಾಪವಲ್ಲವೆಂದೂ ಅವನು ವಾದಿಸುತ್ತಾನೆ. ಈ ಅಳತೆಯಲ್ಲಿ ಸ್ಕಾಟನ ಅಲಕ್ಷ್ಯವೇ ನಿಜವಾದ ದೋಷ. ಹೊತ್ತಿಗೆ ಬರುವುದು ಅವನ ಕೈಯಲ್ಲೇ ಇತ್ತು. ಲಾರಾಳದು ತನಗೆ ಸಿಕ್ಕ ಸಾಕ್ಷ್ಯಕ್ಕೆ ತಕ್ಕ ನಡತೆ. ಚಿತ್ರದ ತಕ್ಕಡಿ ಮಾತ್ರ ತಿರುಗುಮುರುಗು: ಮಂತ್ರದ ಉಡುಪು ಸ್ಕಾಟನ ಅಲಕ್ಷ್ಯವನ್ನು ತೊಳೆದುಹಾಕುತ್ತದೆ, ಲಾರಾ ಕೊನೆಗೆ ಮಗನ ಪಾಲನೆಯ ಕಾಗದಗಳನ್ನು ಬೆಂಕಿಗೆ ಹಾಕಿ ತಪ್ಪೊಪ್ಪಿಕೊಳ್ಳಬೇಕಾಗುತ್ತದೆ. ಅವಳಿಗೂ ನೀಲ್‌ಗೂ ಬಾಲ್ಯದಲ್ಲಿ ಬಯಸಿ ಸಿಗದ ಆಟಿಕೆಗಳನ್ನು ಸ್ಕಾಟ್ ತಂದುಕೊಡುತ್ತಾನೆ. ಇಬ್ಬರೂ ಸಾಂಟಾನಲ್ಲಿ ನಂಬಿಕೆ ಕಳೆದುಕೊಂಡದ್ದು ಆ ನಿರಾಸೆಯಿಂದಲೇ ಎಂಬುದು ಚಿತ್ರದ ವಿವರಣೆ. ಅವರ ವಿವೇಕವೂ ಹಳೆಯ ಗಾಯವಾಗಿಬಿಡುತ್ತದೆ.

ವಿಚ್ಛೇದನದ ಮಾತು ಮೂಲ ಕ್ರಿಸ್‌ಮಸ್ ಕಥೆಯಲ್ಲೇ ಇದೆ. ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ, ಯೋಸೇಫನಿಗೆ ನಿಶ್ಚಯವಾಗಿದ್ದ ಮರಿಯಳು ಬಸುರಿ ಎಂದು ತಿಳಿಯುತ್ತದೆ. ಆ ಕಾಲದ ಯೆಹೂದ್ಯರಲ್ಲಿ ನಿಶ್ಚಯ ಮುರಿಯಲೂ ವಿಚ್ಛೇದನವೇ ಬೇಕಿತ್ತು. ಅವಳ ಮಾನ ಹರಾಜಾಗದಂತೆ ಗುಟ್ಟಾಗಿ ಬಿಟ್ಟುಬಿಡಲು ಯೋಸೇಫ ಯೋಚಿಸುತ್ತಾನೆ. ಕನಸಿನಲ್ಲಿ ದೇವದೂತ ಬಂದು ನಿಜ ತಿಳಿಸುವುದು ಆಮೇಲೆ. ಲಾರಾಳಂತೆ ಅವನಿಗೂ ಆ ಹೊತ್ತಿಗೆ ನಿಜ ಗೊತ್ತಿರಲಿಲ್ಲ. ಆದರೂ ಮತ್ತಾಯ ಅವನನ್ನು ನೀತಿವಂತನೆಂದು ಕರೆಯುವುದು ಕನಸಿಗೆ ಮೊದಲೇ, ವಿಚ್ಛೇದನದ ಯೋಚನೆ ಹೇಳುವ ವಾಕ್ಯದಲ್ಲೇ.