ಸದ್ದಿಲ್ಲದ ಸಜ್ಜನಿಕೆ

ನಿವೃತ್ತಿಗೆ ಇನ್ನು ಮೂರು ವರ್ಷವಿದೆ ಎನ್ನುವಾಗ ನಾನೊಂದು ಹೈಬ್ರಿಡ್ ಕಾರು ಕೊಂಡೆ. ಅದರಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇದೆ. ನಿಧಾನವಾಗಿ ಹೋಗುವಾಗ ಎಷ್ಟೋ ಸಲ ಎಂಜಿನ್ ತಾನಾಗಿ ನಿಂತು, ಮೋಟಾರಷ್ಟೇ ಗಾಡಿ ನಡೆಸುತ್ತದೆ. ಬ್ರೇಕ್ ಒತ್ತಿದಾಗ ಪೋಲಾಗಬೇಕಿದ್ದ ಶಕ್ತಿಯಲ್ಲಿ ಒಂದಿಷ್ಟು ವಿದ್ಯುತ್ತಾಗಿ ಬ್ಯಾಟರಿ ಸೇರುತ್ತದೆ. ಹುಳಿ ಮಜ್ಜಿಗೆಯನ್ನೂ ಚೆಲ್ಲದ ಮನೆಯಲ್ಲಿ ಬೆಳೆದ ನನಗೆ ಈ ಮಿತವ್ಯಯ ಬಹಳ ಹಿಡಿಸಿತು. ಯಾರಿಗೂ ತೊಂದರೆ ಕೊಡದೆ ಓಡಾಡುತ್ತಿದ್ದೇನೆಂಬ ಸಣ್ಣ ಹೆಮ್ಮೆಯೂ ಮೂಡಿತು.

ಮೂರನೆಯ ದಿನ ನಮ್ಮ ಬೀದಿಯಲ್ಲಿ ಸೊಪ್ಪು ಮಾರುವ ಅಜ್ಜಿ ಬುಟ್ಟಿ ಹೊತ್ತು ಮುಂದೆ ನಡೆಯುತ್ತಿದ್ದರು. ಹಾರ್ನ್ ಮಾಡುವುದು ಒರಟುತನವೆಂದುಕೊಂಡು ಮೆಲ್ಲನೆ ಪಕ್ಕಕ್ಕೆ ಬಂದೆ. ಅದೇ ಕ್ಷಣ ಅವರು ರಸ್ತೆ ದಾಟಲು ತಿರುಗಿದರು. ಬ್ರೇಕ್ ಹಿಡಿಯಿತು, ಗಾಬರಿಗೆ ಬುಟ್ಟಿಯಷ್ಟೇ ಉರುಳಿತು. ಇಳಿದು ಸೊಪ್ಪು ಆರಿಸಿಕೊಡುತ್ತಿದ್ದಾಗ ಅಜ್ಜಿ ಕೇಳಿದರು: "ಕಳ್ಳಬೆಕ್ಕಿನಂಗೆ ಬಂದ್ರೆ ನಂಗೆ ಹೆಂಗ್ ಗೊತ್ತಾಗ್ಬೇಕು ಟೀಚರಮ್ಮ?"

ಸದ್ದು ಮಾಡದಿರುವುದೇ ಒಳ್ಳೆಯ ನಡತೆಯೆಂದು ತರಗತಿಯಲ್ಲಿ ಮೂವತ್ತು ವರ್ಷ ಹೇಳಿದವಳು ನಾನು. ಅಜ್ಜಿಯ ಮಾತು ನಾಟಿತು. ಕಣ್ಣು ಕಾಣದವರಿಗೆ ಕಿವಿಯೇ ರಸ್ತೆ. ಯುರೋಪಿನಲ್ಲಿ 2019ರ ಜುಲೈಯಿಂದ ಹೊಸ ಮಾದರಿಯ ಹೈಬ್ರಿಡ್, ವಿದ್ಯುತ್ ಕಾರುಗಳು ನಿಧಾನಗತಿಯಲ್ಲಿ ಬೇಕೆಂದೇ ಸದ್ದು ಹೊರಡಿಸಬೇಕೆಂಬ ನಿಯಮ ಬಂದದ್ದು ಇಂಥ ಕಾರಣಕ್ಕೇ.

ಮೌನ ಒಳ್ಳೆಯದೇ. ಆದರೆ ಅದರ ಸುಖ ನನಗೆ, ಅಪಾಯ ನಡೆಯುವವರಿಗೆ ಎಂದಾದರೆ ಅದನ್ನು ಸಜ್ಜನಿಕೆ ಎನ್ನಲಾದೀತೆ? ಈಗ ಬೀದಿಯಲ್ಲಿ ಯಾರಾದರೂ ಮುಂದಿದ್ದರೆ ಒಮ್ಮೆ ಸಣ್ಣಗೆ ಹಾರ್ನ್ ಒತ್ತುತ್ತೇನೆ. ಅವರು ತಿರುಗಿ ನೋಡುವವರೆಗೆ ಕಾಯುತ್ತೇನೆ.